ಎಂಜಿನ್ ಕೂರಿಸುವ ವಿದ್ಯೆ

ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ರಸ್ತೆಗಳಲ್ಲಿ, ಕರ್ನಾಟಕದ ಉಳಿದೆಡೆಯಂತೆಯೇ, ದಶಕಗಳ ಕಾಲ ಬಾಡಿಗೆ ಗಾಡಿಯಾಗಿಯೂ ಸರಕಾರಿ ಅಧಿಕಾರಿಗಳ ವಾಹನವಾಗಿಯೂ ಓಡಿದ ಅಂಬಾಸಿಡರ್ ಕಾರಿಗೂ, 1955ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಎಂಜಿಎ ಎಂಬ ಎರಡೇ ಆಸನದ ಸ್ಪೋರ್ಟ್ಸ್ ಕಾರಿಗೂ ಹೊರನೋಟಕ್ಕೆ ಯಾವ ಹೋಲಿಕೆಯೂ ಇಲ್ಲವಾದರೂ, ಬಾನೆಟ್ ಎತ್ತಿ ನೋಡಿದವರಿಗೆ ಎರಡರ ಎಂಜಿನ್ನೂ ಒಂದೇ ವಂಶಕ್ಕೆ ಸೇರಿದ್ದೆಂಬುದು ತಿಳಿಯುತ್ತದೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂದು ಕರೆಯಲ್ಪಡುವ ಈ ನಾಲ್ಕು ಸಿಲಿಂಡರಿನ ಎಂಜಿನ್ ಎಂಜಿಎ ಕಾರಿನಲ್ಲಿ ಆರಂಭದಲ್ಲಿ 1489 ಸಿಸಿಯದಾಗಿತ್ತು. 1959ರ ಹೊತ್ತಿಗೆ ಅಂಬಾಸಿಡರಿಗೆ ಬಂದದ್ದೂ ಅದೇ 1489 ಸಿಸಿಯ ರೂಪ. ಸಿಸಿ ಎಂದರೆ ಪಿಸ್ಟನ್ನುಗಳು ಒಮ್ಮೆ ಮೇಲಿನಿಂದ ಕೆಳಕ್ಕೆ ಚಲಿಸುವಾಗ ತೆರವಾಗುವ ಒಟ್ಟು ಜಾಗದ ಘನ ಸೆಂಟಿಮೀಟರ್ ಅಳತೆ. ಜಾಗ ಅಷ್ಟೇ ಇದ್ದರೂ ಎಂಜಿಎ 68 ಅಶ್ವಶಕ್ತಿ ಕೊಡುತ್ತಿದ್ದರೆ ಅಂಬಾಸಿಡರ್ 50ರಿಂದ 55ರ ಆಸುಪಾಸಿನಲ್ಲಿಯೇ ನಿಂತಿತು. ಸ್ಪೋರ್ಟ್ಸ್ ಕಾರಿನಲ್ಲಿ ಎರಡು ಕಾರ್ಬುರೇಟರುಗಳಿದ್ದು, ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಉರಿಸುತ್ತಿದ್ದದ್ದೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. 1962ರಲ್ಲಿ ಬಂದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನ 1798 ಸಿಸಿ ಎಂಜಿನ್ ಕೂಡ ಇದೇ ಬಳಗದ್ದು. ಪಿಸ್ಟನ್ ಚಲಿಸುವ ಉದ್ದ, ಅಂದರೆ ಸ್ಟ್ರೋಕ್, ಎರಡರಲ್ಲೂ 88.9 ಮಿಲಿಮೀಟರ್ ಆಗಿದ್ದು, ಸಿಲಿಂಡರಿನ ವ್ಯಾಸವನ್ನು 73ರಿಂದ 80 ಮಿಲಿಮೀಟರಿಗೆ ಹಿಗ್ಗಿಸಿದ್ದರಿಂದ ಸಿಸಿ ಹೆಚ್ಚಿತು.

ಹೀಗಿರುವಾಗ ಭಾರತದಲ್ಲಿ ಉಳಿದ ಒಂದು ಎಂಜಿಎ ಕಾರಿಗೆ, ಮೂಲ ಎಂಜಿನ್ ಸವೆದು ಬಿಡಿಭಾಗ ಸಿಗದ ಕಾಲದಲ್ಲಿ, ಅಂಬಾಸಿಡರಿನ ಎಂಜಿನ್ ಕೂರಿಸಿದರೆ ಅದು ಕಾಗದದ ಮೇಲೆ ಬೇರೆ ಕಂಪನಿಯ ಎಂಜಿನ್ ಆದರೂ ಲೋಹದ ಲೆಕ್ಕದಲ್ಲಿ ದಾಯಾದಿಯದೇ ಆಗುತ್ತದೆ. ಅದೇ ಕಾರಿಗೆ ಮ್ಯಾಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಎಂಜಿನ್ ಬದಲಾವಣೆಯ ಕಷ್ಟವನ್ನು ಕಂಪನಿಯ ಹೆಸರಿನಿಂದ ಅಳೆಯಲಾಗುವುದಿಲ್ಲ. ತೂಕ, ತಿರುಗುವ ವೇಗ, ಉಷ್ಣ, ಕಂಪನ, ಬೋಲ್ಟುಗಳ ನಡುವಣ ಅಂತರ ಇವುಗಳೇ ಅದನ್ನು ನಿರ್ಧರಿಸುತ್ತವೆ. ಈ ಕೆಲಸಕ್ಕೆ ಕೈಹಾಕಿದವರಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ ಅಶ್ವಶಕ್ತಿ ಎಷ್ಟು ಎಂಬುದು, ಮತ್ತು ಬಹುತೇಕ ಸಂದರ್ಭಗಳಲ್ಲಿ ಅದು ಕೊನೆಯದಾಗಿ ಕೇಳಬೇಕಾದ ಪ್ರಶ್ನೆ.

ಅಶ್ವಶಕ್ತಿ ಎಂಬುದು ಎರಡು ಸಂಗತಿಗಳ ಗುಣಲಬ್ಧ. ಕ್ರ್ಯಾಂಕ್‌ಶಾಫ್ಟನ್ನು ತಿರುಚುವ ಬಲ, ಅಂದರೆ ಟಾರ್ಕ್, ಒಂದು. ಆ ಶಾಫ್ಟು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂಬುದು ಇನ್ನೊಂದು. ಟಾರ್ಕನ್ನು ನ್ಯೂಟನ್-ಮೀಟರಿನಲ್ಲಿ ಅಳೆದು, ಸುತ್ತುಗಳಿಂದ ಗುಣಿಸಿ, 9549ರಿಂದ ಭಾಗಿಸಿದರೆ ಕಿಲೋವ್ಯಾಟಿನಲ್ಲಿ ಶಕ್ತಿ ಸಿಗುತ್ತದೆ. ಈ ಸರಳ ಲೆಕ್ಕದ ಅರ್ಥವನ್ನು ತೋರಿಸಲು ಕೃಷಿಯೇ ಮುಖ್ಯ ಕಸುಬಾದ ಸೀಮೆಯ ಓದುಗರಿಗೆ ಟ್ರ್ಯಾಕ್ಟರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬ್ರಿಟನ್ನಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ ಎರಡನೆಯ ಮಹಾಯುದ್ಧದ ನಂತರ ರೂಪಿಸಿದ, ಸಿಲಿಂಡರಿನ ಕೊಳವೆಗಳು ನೇರವಾಗಿ ತಂಪುನೀರಿನಲ್ಲಿ ಮುಳುಗಿದ್ದು ಸವೆದಾಗ ಹೊರತೆಗೆದು ಬದಲಿಸಬಹುದಾದ ನಾಲ್ಕು ಸಿಲಿಂಡರಿನ ಎಂಜಿನ್ ಒಂದೇ ಕಾಲದಲ್ಲಿ ಮೂರು ಕಡೆ ದುಡಿಯಿತು: ಫರ್ಗುಸನ್ ಟಿಇ-20 ಟ್ರ್ಯಾಕ್ಟರಿನಲ್ಲಿ, ವ್ಯಾನ್‌ಗಾರ್ಡ್ ಎಂಬ ಸಾಧಾರಣ ಕಾರಿನಲ್ಲಿ, ಮತ್ತು 1953ರಿಂದ ಟ್ರಯಂಫ್ ಟಿಆರ್-2 ಸ್ಪೋರ್ಟ್ಸ್ ಕಾರಿನಲ್ಲಿ. ಟ್ರ್ಯಾಕ್ಟರಿನಲ್ಲಿ ಅದು ನಿಮಿಷಕ್ಕೆ ಸುಮಾರು 2000 ಸುತ್ತಿನಲ್ಲಿ 28 ಅಶ್ವಶಕ್ತಿಯ ಆಸುಪಾಸು ಕೊಟ್ಟರೆ, 1991 ಸಿಸಿಯ ಟಿಆರ್-2 ರೂಪದಲ್ಲಿ 4800 ಸುತ್ತಿನಲ್ಲಿ 90 ಅಶ್ವಶಕ್ತಿ ಕೊಟ್ಟಿತು. ಶಕ್ತಿ ಮೂರು ಪಟ್ಟಿಗೂ ಮೀರಿ ಏರಿದೆ. ಆದರೆ ಮೇಲಿನ ಲೆಕ್ಕ ಹಾಕಿ ನೋಡಿದರೆ ಆ ಬಿಂದುಗಳಲ್ಲಿ ತಿರುಚುಬಲ ಏರಿದ್ದು ಸುಮಾರು ಮೂರನೆಯ ಒಂದು ಭಾಗದಷ್ಟು ಮಾತ್ರ. ಮಿಕ್ಕದ್ದೆಲ್ಲ ವೇಗವಾಗಿ ತಿರುಗಿದ್ದರ ಫಲ. ನೇಗಿಲು ಎಳೆಯುವ ಎಂಜಿನ್ನಿಗೂ ಪಂದ್ಯದ ಎಂಜಿನ್ನಿಗೂ ಇರುವ ದೂರ ಜನ ಭಾವಿಸುವಷ್ಟು ದೊಡ್ಡದಲ್ಲ. ಉಸಿರಾಡುವ ದಾರಿ ಮತ್ತು ತಿರುಗುವ ವೇಗದಲ್ಲಿಯೇ ಅದರ ಬಹುಪಾಲು ಅಡಗಿದೆ.

ಇದೇ ಎಂಜಿನ್ನಿನ ಭಾರತೀಯ ಅಧ್ಯಾಯ ಮಾತ್ರ ಅಷ್ಟು ಸಂತೋಷದ್ದಲ್ಲ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ 1985ರಲ್ಲಿ ಸ್ಟ್ಯಾಂಡರ್ಡ್ 2000 ಎಂಬ ಕಾರನ್ನು ತಂದಿತು. ಅದರ ದೇಹ ಬ್ರಿಟನ್ನಿನ ರೋವರ್ ಎಸ್‌ಡಿ-1 ಕಾರಿನದು. ಅಲ್ಲಿ ಆ ದೇಹದೊಳಗೆ ಮೊದಲು 3.5 ಲೀಟರಿನ, ಎಂಟು ಸಿಲಿಂಡರುಗಳು ನಾಲ್ಕು-ನಾಲ್ಕಾಗಿ ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿ ನಿಂತ, ಅಂದರೆ ವಿ-8 ಮಾದರಿಯ ಎಂಜಿನ್ ಇರುತ್ತಿತ್ತು. ಮದರಾಸಿನಲ್ಲಿ ಅದರ ಜಾಗಕ್ಕೆ ಬಂದದ್ದು ವ್ಯಾನ್‌ಗಾರ್ಡ್ ಕಾಲದ ಆ ಹಳೆಯ 1991 ಸಿಸಿ ಎಂಜಿನ್. ದುಬಾರಿ ಬೆಲೆಯ ಕಾರು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು. ಹಿಂದುಸ್ತಾನ್ ಮೋಟಾರ್ಸ್ 1984ರಲ್ಲಿ ತಂದ ಕಾಂಟೆಸ್ಸಾದ ಕಥೆಯೂ ಹೀಗೆಯೇ ಆರಂಭವಾಗುತ್ತದೆ: ವಾಕ್ಸ್‌ಹಾಲ್ ಕಂಪನಿಯ ದೊಡ್ಡ ದೇಹಕ್ಕೆ ಅಂಬಾಸಿಡರಿನ 1489 ಸಿಸಿ ಎಂಜಿನ್ ಕೂರಿಸಿದ್ದರಿಂದ ಗಾಡಿ ಏದುಸಿರು ಬಿಡುತ್ತಿತ್ತು, ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಮತ್ತು ಐದು ಗೇರಿನ ಪೆಟ್ಟಿಗೆ ಬಂದ ಮೇಲೆಯೇ ಅದಕ್ಕೆ ಮರ್ಯಾದೆ ಬಂತು. 1990ರ ದಶಕದಲ್ಲಿ ಅದೇ ಇಸುಜು ಎಂಜಿನ್ ಅಂಬಾಸಿಡರಿನೊಳಗೂ ಸೇರಿತು. 1985ರ ಪ್ರೀಮಿಯರ್ 118 ಎನ್‌ಇ ಕಾರಿನಲ್ಲಿ ಇಟಲಿಯ ಫಿಯಟ್ 124ರ ದೇಹಕ್ಕೆ ಜಪಾನಿನ ನಿಸ್ಸಾನ್ 1171 ಸಿಸಿ ಎಂಜಿನ್ ಇತ್ತು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಹೊರತಂದ ಸ್ಯಾನ್ ಸ್ಟಾರ್ಮ್ ಎಂಬ, ಫೈಬರ್ ಮೈಯ ಎರಡು ಆಸನದ ತೆರೆದ ಕಾರೂ ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ, 60 ಅಶ್ವಶಕ್ತಿಯ ಎಂಜಿನ್ನನ್ನೇ ನೆಚ್ಚಿತ್ತು. ಒಬ್ಬರ ದೇಹಕ್ಕೆ ಇನ್ನೊಬ್ಬರ ಎಂಜಿನ್ ಎಂಬುದು ಗ್ಯಾರೇಜಿನ ಮಿಸ್ತ್ರಿಗಳ ಹುಚ್ಚು ಸಾಹಸವೆಂದು ಮೂಗು ಮುರಿಯುವವರು, ಭಾರತದ ಹಲವು ಕಾರು ಕಂಪನಿಗಳು ಆ ಸಾಹಸದ ಮೇಲೆಯೇ ನಡೆದವೆಂಬುದನ್ನು ನೆನಪಿಡಬೇಕು.

ಕೂರಿಸುವ ಕೆಲಸದ ಮೊದಲ ತೊಡಕು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಣ ಸಂದಿಯಲ್ಲಿದೆ. ಎಂಜಿನ್ನಿನ ಬೆನ್ನಿಗೆ ಅಂಟುವ, ಕ್ಲಚ್ಚನ್ನು ಒಳಗಿಟ್ಟುಕೊಂಡ ಗಂಟೆಯಾಕಾರದ ಕವಚಕ್ಕೆ ಬೆಲ್ ಹೌಸಿಂಗ್ ಎಂದು ಹೆಸರು. ಅದರ ಬೋಲ್ಟುಗಳ ಜಾಗ ಒಂದೊಂದು ಕಂಪನಿಯಲ್ಲಿ ಒಂದೊಂದು ಬಗೆ. ಎರಡೂ ಕಡೆಯ ಬೋಲ್ಟುಗಳಿಗೆ ಹೊಂದುವಂತೆ ತೂತು ಕೊರೆದ ದಪ್ಪ ಲೋಹದ ಹಾಳೆಯನ್ನು, ಅಂದರೆ ಅಡಾಪ್ಟರ್ ಪ್ಲೇಟನ್ನು, ನಡುವೆ ಇಡುವುದು ವಾಡಿಕೆಯ ಉಪಾಯ. ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಒಳ್ಳೆಯ ಲೇತ್ ಅಂಗಡಿಯವರು ಇಂಥ ಪ್ಲೇಟನ್ನು ಮಾಡಿಕೊಡಬಲ್ಲರು, ಆದರೆ ಕಷ್ಟವಿರುವುದು ತೂತುಗಳಲ್ಲಿ ಅಲ್ಲ. ಗೇರ್‌ಬಾಕ್ಸಿನ ಒಳಬರುವ ಶಾಫ್ಟಿನ ತುದಿ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿರುವ ಪೈಲಟ್ ಬೇರಿಂಗಿನೊಳಗೆ ಕೂರಬೇಕು, ಮತ್ತು ಎರಡು ಶಾಫ್ಟುಗಳ ಮಧ್ಯರೇಖೆ ಒಂದೇ ಗೆರೆಯಲ್ಲಿರಬೇಕು. ಇಲ್ಲಿ ಕ್ಷಮ್ಯವಾದ ತಪ್ಪು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗವಷ್ಟೇ. ಮೀರಿದರೆ ಗಾಡಿ ಮೊದಲ ದಿನ ಚೆನ್ನಾಗಿಯೇ ಓಡಿ, ಕೆಲವು ಸಾವಿರ ಕಿಲೋಮೀಟರಿನೊಳಗೆ ಬೇರಿಂಗನ್ನೂ ಕ್ಲಚ್ ಪ್ಲೇಟಿನ ನಡುಭಾಗವನ್ನೂ ತಿಂದುಹಾಕುತ್ತದೆ. ಈ ಗೋಜೇ ಬೇಡವೆಂದು ಹೊಸ ಎಂಜಿನ್ನನ್ನು ಅದರದೇ ಗೇರ್‌ಬಾಕ್ಸಿನ ಸಮೇತ ಇಳಿಸುವವರಿದ್ದಾರೆ. ಆಗ ತೊಡಕು ಅಲ್ಲಿಂದ ಜಾರಿ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಹೋಗುತ್ತದೆ, ಅದರ ಉದ್ದವನ್ನು ಕತ್ತರಿಸಿ, ಬೆಸೆದು, ಮತ್ತೆ ಸಮತೋಲ ಮಾಡಿಸಬೇಕಾಗುತ್ತದೆ. ಆ ಶಾಫ್ಟಿನ ಎರಡು ತುದಿಯಲ್ಲಿರುವ ಯೂನಿವರ್ಸಲ್ ಜಾಯಿಂಟುಗಳಿಗೆ ಒಂದು ವಿಚಿತ್ರ ಗುಣವಿದೆ: ಓರೆಯಾಗಿ ತಿರುಗುವಾಗ ಅವು ಒಂದು ಸುತ್ತಿನಲ್ಲಿ ಎರಡು ಬಾರಿ ವೇಗವನ್ನು ಹೆಚ್ಚಿಸಿ ತಗ್ಗಿಸುತ್ತವೆ. ಎರಡೂ ತುದಿಯ ಓರೆ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಎಂಜಿನ್ನನ್ನು ಬಾನೆಟ್ಟಿನಡಿ ತುರುಕಲು ಒಂದಿಷ್ಟು ಬಾಗಿಸಿ ಕೂರಿಸಿದವರಿಗೆ ಈ ನಿಯಮ ಹೆದ್ದಾರಿಯ ವೇಗದಲ್ಲಿ ಮೈ ನಡುಗಿಸಿ ತನ್ನ ಪರಿಚಯ ಮಾಡಿಕೊಡುತ್ತದೆ.

ಟಾರ್ಕು ಹೆಚ್ಚಾದರೆ ಕಡೆಯ ಗೇರಿನ ಅನುಪಾತವೂ ಬದಲಾಗಬೇಕು. ಇದಕ್ಕೆ ಎಂಜಿಬಿಯೇ ಸೊಗಸಾದ ನಿದರ್ಶನ. ಅಮೆರಿಕದ ಬ್ಯೂಕ್ ಕಂಪನಿ 1960ರ ದಶಕದ ಆರಂಭದಲ್ಲಿ ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದು, ಕೆಲವೇ ವರ್ಷಗಳಲ್ಲಿ ಕೈಬಿಟ್ಟ ವಿ-8 ಎಂಜಿನ್ನಿನ ಹಕ್ಕನ್ನು ಬ್ರಿಟನ್ನಿನ ರೋವರ್ ಕೊಂಡುಕೊಂಡಿತ್ತು. ಎಂಟು ಸಿಲಿಂಡರ್, ಮೂರೂವರೆ ಲೀಟರ್ ಇದ್ದರೂ ಅದರ ತೂಕ ಎಂಜಿಬಿಯ ನಾಲ್ಕು ಸಿಲಿಂಡರಿನ ಕಬ್ಬಿಣದ ಎಂಜಿನ್ನಿನ ಆಸುಪಾಸಿನಲ್ಲಿಯೇ ಇತ್ತು. ಕೆನ್ ಕಾಸ್ಟೆಲ್ಲೊ ಎಂಬ ರೇಸ್ ಚಾಲಕ 1970ರ ಸುಮಾರಿಗೆ ತನ್ನ ಕಾರ್ಖಾನೆಯಲ್ಲಿ ಅದನ್ನು ಎಂಜಿಬಿಗೆ ಕೂರಿಸಿ ಮಾರತೊಡಗಿದ. ಬಾನೆಟ್ ಮುಚ್ಚಲು ಅವನು ಅದರ ಮೇಲೊಂದು ಉಬ್ಬು ಮಾಡಬೇಕಾಯಿತು. ಇದನ್ನು ಕಂಡು 1973ರಲ್ಲಿ ಕಂಪನಿಯೇ ಎಂಜಿಬಿ ಜಿಟಿ ವಿ-8 ಕಾರನ್ನು ತಂದಾಗ, ಕಾರ್ಬುರೇಟರುಗಳನ್ನು ಎಂಜಿನ್ನಿನ ಹಿಂಬದಿಗೆ ಸರಿಸಿ ಉಬ್ಬಿಲ್ಲದ ಬಾನೆಟ್ಟಿನೊಳಗೇ ಎಲ್ಲವನ್ನೂ ಅಡಗಿಸಿತು. ಟಾರ್ಕು ಸುಮಾರು 149ರಿಂದ 262 ನ್ಯೂಟನ್-ಮೀಟರಿಗೆ ಏರಿದ್ದರಿಂದ ಹಿಂದಿನ ಆಕ್ಸಲಿನ ಕ್ರೌನ್-ಪಿನಿಯನ್ ಗೇರಿನ ಅನುಪಾತವನ್ನು 3.909ರಿಂದ 3.07ಕ್ಕೆ ಇಳಿಸಿದರು, ಅಂದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಟಾಪ್ ಗೇರಿನಲ್ಲಿ ಹಳೆಯ ಕಾರಿನ ಎಂಜಿನ್ ಸುಮಾರು 3400 ಸುತ್ತು ತಿರುಗಿದರೆ ಹೊಸದು 2700ರಲ್ಲಿಯೇ ನಿಶ್ಚಿಂತೆಯಿಂದ ಸಾಗುತ್ತಿತ್ತು. ಅನುಪಾತ ಬದಲಿಸದೆ ಬಲವಾದ ಎಂಜಿನ್ ಮಾತ್ರ ಕೂರಿಸುವುದು ನೊಗದ ಒಂದು ಬದಿಗೆ ಕಿಲಾರಿ ಹೋರಿಯನ್ನೂ ಇನ್ನೊಂದು ಬದಿಗೆ ಎಳೆಗರುವನ್ನೂ ಹೂಡಿದಂತೆ: ಬಲವೇನೋ ಇದೆ, ಮುರಿಯುವುದು ನೊಗ. 1976ರವರೆಗೆ ತಯಾರಾದ ಆ ಕಾರುಗಳ ಒಟ್ಟು ಸಂಖ್ಯೆ 2591. ಇಂಥ ಬದಲಾವಣೆಗಳಲ್ಲೆಲ್ಲ ಅತ್ಯಂತ ವಿವೇಕದ್ದು ಯಾವುದೆಂದರೆ ಇದನ್ನೇ ಹೇಳಬೇಕು, ಏಕೆಂದರೆ ಇಲ್ಲಿ ಎಂಜಿನ್ನನ್ನು ಆರಿಸಿದ್ದು ತೂಕ ನೋಡಿ.

ತೂಕ ಎಷ್ಟು ಮುಖ್ಯವೋ ಅದು ಎಲ್ಲಿ ಬೀಳುತ್ತದೆಂಬುದೂ ಅಷ್ಟೇ ಮುಖ್ಯ. ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ 2.3 ಮೀಟರ್ ಅಂತರವಿರುವ ಒಂದು ಸಣ್ಣ ಸ್ಪೋರ್ಟ್ಸ್ ಕಾರಿಗೆ 50 ಕಿಲೋ ಹೆಚ್ಚು ತೂಗುವ ಎಂಜಿನ್ ಬಂದಿತೆಂದುಕೊಂಡರೆ, ಆ ಹೆಚ್ಚುವರಿ ತೂಕ ಮುಂದಿನ ಆಕ್ಸಲಿನ ನೇರಕ್ಕೇ ಬಿದ್ದಾಗ ಇಡೀ 50 ಕಿಲೋವನ್ನು ಮುಂದಿನ ಟೈರುಗಳೇ ಹೊರಬೇಕು. 30 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಸುಮಾರು ಆರೂವರೆ ಕಿಲೋ ಹಿಂದಿನ ಚಕ್ರಗಳಿಗೆ ವರ್ಗವಾಗುತ್ತದೆ. ಮೂತಿ ಭಾರವಾದ ಗಾಡಿ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ನೇರ ಹೋಗಲು ಹಟ ಮಾಡುತ್ತದೆ. ಸ್ಪೋರ್ಟ್ಸ್ ಕಾರಿನ ಸುಖವೆಲ್ಲ ತಿರುವಿನಲ್ಲಿಯೇ ಇರುವುದರಿಂದ, ಭಾರದ ಡೀಸೆಲ್ ಎಂಜಿನ್ ಹೊತ್ತ ಹಳೆಯ ಎಂಜಿ ಕಾರು ನೋಡಲು ಎಷ್ಟೇ ಚೆಂದವಿದ್ದರೂ ಓಡಿಸಲು ಸರಕು ಗಾಡಿಯೇ.

ದೇಹ ತಾಳಿಕೊಳ್ಳುವ ಮಿತಿಯೂ ಒಂದಿದೆ. ಬ್ರಿಟನ್ನಿನ ಎಸಿ ಏಸ್ ಎಂಬ ಹಗುರ ಕಾರಿಗೆ ಮೊದಲು ಕಂಪನಿಯದೇ ಎರಡು ಲೀಟರಿನ ಎಂಜಿನ್ ಇತ್ತು. ಬಳಿಕ ಬಿಎಂಡಬ್ಲ್ಯು ಮೂಲದ ಬ್ರಿಸ್ಟಲ್ ಎಂಜಿನ್ ಬಂತು. 1961ರಲ್ಲಿ ಅದರ ತಯಾರಿಕೆ ನಿಂತಾಗ ಅಮೆರಿಕದ ರೇಸ್ ಚಾಲಕ ಕ್ಯಾರಲ್ ಶೆಲ್ಬಿ ಫೋರ್ಡ್ ಕಂಪನಿಯ ವಿ-8 ಎಂಜಿನ್ ಕೂರಿಸುವ ಪ್ರಸ್ತಾಪ ಮುಂದಿಟ್ಟು, 1962ರಲ್ಲಿ ಕೋಬ್ರಾ ಹುಟ್ಟಿತು. ಎಂಜಿನ್ 4.2 ಲೀಟರಿನಿಂದ 4.7ಕ್ಕೆ ಏರಿದಾಗ ಚಾಸಿ ಹೇಗೋ ತಡೆದುಕೊಂಡಿತಾದರೂ, 7 ಲೀಟರಿನ ಎಂಜಿನ್ ಬಂದಾಗ ಚಾಸಿಯ ಮುಖ್ಯ ಕೊಳವೆಗಳ ವ್ಯಾಸವನ್ನು 3 ಅಂಗುಲದಿಂದ 4 ಅಂಗುಲಕ್ಕೆ ಹೆಚ್ಚಿಸಿ, ಪಟ್ಟಿ ಸ್ಪ್ರಿಂಗುಗಳನ್ನು ಬಿಟ್ಟು ಸುರುಳಿ ಸ್ಪ್ರಿಂಗುಗಳನ್ನು ಹಾಕಿ, ಹೆಚ್ಚುಕಡಿಮೆ ಹೊಸ ಕಾರನ್ನೇ ಮಾಡಬೇಕಾಯಿತು. ಬ್ರೇಕಿನ ವಿಷಯದಲ್ಲಿಯೂ ಇದೇ ನ್ಯಾಯ: ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 140 ಕಿಲೋಮೀಟರ್ ವೇಗದ ಗಾಡಿ 200ಕ್ಕೆ ಏರಿದರೆ ಬ್ರೇಕುಗಳು ಉಷ್ಣವಾಗಿ ಕರಗಿಸಬೇಕಾದ ಶಕ್ತಿ ಇಮ್ಮಡಿಯಾಗುತ್ತದೆ.

1964ರಲ್ಲಿ ಬಂದ ಸನ್‌ಬೀಮ್ ಟೈಗರಿನ ಪ್ರಸಂಗ ಇನ್ನೊಂದು ಬಗೆಯ ಪಾಠ. ಸನ್‌ಬೀಮ್ ಆಲ್ಪೈನ್ ಎಂಬ ಚಿಕ್ಕ ಕಾರಿನ ಕಿರಿದಾದ ಜಾಗದಲ್ಲಿ ಅದೇ ಫೋರ್ಡ್ ವಿ-8 ಎಂಜಿನ್ನನ್ನು ಎಷ್ಟು ಇಕ್ಕಟ್ಟಾಗಿ ಕೂರಿಸಿದರೆಂದರೆ, ಸ್ಟಿಯರಿಂಗ್ ವ್ಯವಸ್ಥೆಯನ್ನೇ ಬದಲಿಸಬೇಕಾಯಿತು, ಮತ್ತು ಹಿಂಬದಿಯ ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಲು ಎಂಜಿನ್ನಿಗೂ ಸವಾರರಿಗೂ ನಡುವಣ ಗೋಡೆಯಲ್ಲಿ ತೂತು ಕೊರೆದು ಕಾರಿನ ಒಳಗಿನಿಂದ ಕೈಹಾಕುವ ಏರ್ಪಾಡು ಮಾಡಬೇಕಾಯಿತು. ಕಾರು ಗೆದ್ದಿತು. ಆದರೆ ಸನ್‌ಬೀಮಿನ ಒಡೆಯರಾದ ರೂಟ್ಸ್ ಸಮೂಹ ಅಮೆರಿಕದ ಕ್ರೈಸ್ಲರ್ ಕಂಪನಿಯ ಕೈಗೆ ಹೋದಾಗ, ಹೊಸ ಒಡೆಯರಿಗೆ ತಮ್ಮ ಕಾರಿನಲ್ಲಿ ಎದುರಾಳಿ ಫೋರ್ಡಿನ ಎಂಜಿನ್ ಇರುವುದು ಸಹಿಸಲಾಗಲಿಲ್ಲ. ತಮ್ಮದೇ ವಿ-8 ಎಂಜಿನ್ ಹಾಕೋಣವೆಂದರೆ, ಸ್ಪಾರ್ಕ್ ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಫೋರ್ಡಿನಲ್ಲಿ ಎಂಜಿನ್ನಿನ ಮುಂದಿದ್ದರೆ ಕ್ರೈಸ್ಲರಿನಲ್ಲಿ ಹಿಂದಿತ್ತು, ಮತ್ತು ಅದಕ್ಕೆ ಅಲ್ಲಿ ಜಾಗವಿರಲಿಲ್ಲ. ಗೇಣುದ್ದದ ಒಂದು ಭಾಗ ತಪ್ಪು ತುದಿಯಲ್ಲಿದ್ದ ಕಾರಣದಿಂದ 1967ರಲ್ಲಿ ಒಂದು ಕಾರಿನ ವಂಶವೇ ನಿಂತಿತು.

ಉಷ್ಣದ ಲೆಕ್ಕ ಬ್ರಿಟನ್ನಿಗಿಂತ ಲಕ್ಷ್ಮೇಶ್ವರದಲ್ಲಿ ಕಠಿಣ. ಪೆಟ್ರೋಲ್ ಉರಿದು ಬಿಡುಗಡೆಯಾಗುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಚಕ್ರಕ್ಕೆ ಸಾಗುವ ಕೆಲಸವಾದರೆ, ಹೆಚ್ಚುಕಡಿಮೆ ಅಷ್ಟೇ ಪಾಲು ರೇಡಿಯೇಟರಿನ ಮೂಲಕ ಗಾಳಿಗೆ ಹೋಗಬೇಕು, ಉಳಿದದ್ದು ಹೊಗೆಯ ಜೊತೆ ಹೊರಬೀಳುತ್ತದೆ. ಆದ್ದರಿಂದ ಎಂಜಿನ್ನಿನ ಶಕ್ತಿ ಇಮ್ಮಡಿಸಿದರೆ ರೇಡಿಯೇಟರಿನ ಹೊರೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ಸಮುದ್ರಮಟ್ಟದಿಂದ 600 ಮೀಟರಿಗಿಂತ ಮೇಲಿರುವ ಈ ಬಯಲುಸೀಮೆಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇಕಡಾ 7ರಷ್ಟು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿಯ ಹತ್ತಿರ ಹೋದಾಗ ಗಾಳಿ ಇನ್ನಷ್ಟು ತೆಳುವಾಗಿ, 25 ಡಿಗ್ರಿಯ ಕರಾವಳಿಯ ಗಾಳಿಗೆ ಹೋಲಿಸಿದರೆ ಸಾಂದ್ರತೆ ಶೇಕಡಾ 12ರಷ್ಟು ಇಳಿದಿರುತ್ತದೆ. ಇದರ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ: ಸಿಲಿಂಡರಿಗೆ ಸಿಗುವ ಆಮ್ಲಜನಕ ಕಡಿಮೆಯಾಗಿ ಶಕ್ತಿ ಕುಗ್ಗುತ್ತದೆ, ರೇಡಿಯೇಟರಿನ ಮೂಲಕ ಹಾಯುವ ಗಾಳಿ ತೆಳುವೂ ಬಿಸಿಯೂ ಆಗಿರುವುದರಿಂದ ತಂಪಾಗುವುದೂ ಕುಗ್ಗುತ್ತದೆ. ಹೆದ್ದಾರಿಯಲ್ಲಿ ಸರಾಗವಾಗಿ ಓಡುವ ಗಾಡಿ, ಶೇಂಗಾ ಹೊಟ್ಟು ತುಂಬಿದ ಟ್ರ್ಯಾಕ್ಟರಿನ ಹಿಂದೆ ಅರ್ಧ ಗಂಟೆ ತೆವಳಬೇಕಾಗಿ ಬಂದಾಗ ಕುದಿಯುತ್ತದೆ. ಎಂಜಿಬಿ ವಿ-8 ಕಾರಿಗೆ ಬ್ರಿಟನ್ನಿನ ತಂಪು ಹವೆಯಲ್ಲಿಯೇ ಎರಡು ವಿದ್ಯುತ್ ಫ್ಯಾನುಗಳನ್ನು ಕೊಟ್ಟಿದ್ದರು.

ಕಂಪನವನ್ನು ಮಿಸ್ತ್ರಿಗಳು ಕಡೆಗಣಿಸುವಷ್ಟು ಬೇರಾವುದನ್ನೂ ಕಡೆಗಣಿಸುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಉರಿಯುತ್ತದೆ, ಅಂದರೆ ನಿಮಿಷಕ್ಕೆ 750 ಸುತ್ತಿನ ನಿಂತ ಓಟದಲ್ಲಿ ಸೆಕೆಂಡಿಗೆ 25 ಬಡಿತ. ಎಂಟು ಸಿಲಿಂಡರಿನದಾದರೆ 50. ಎಂಜಿನ್ ಕೂರುವ ರಬ್ಬರ್ ಮೌಂಟಿಂಗಿಗೂ ತನ್ನದೇ ಸಹಜ ಕಂಪನಸಂಖ್ಯೆ ಇರುತ್ತದೆ, ಮತ್ತು ಬಡಿತ ಆ ಸಂಖ್ಯೆಯ ಸುಮಾರು 1.4 ಪಟ್ಟಿಗಿಂತ ಮೇಲಿದ್ದಾಗ ಮಾತ್ರ ರಬ್ಬರು ಕಂಪನವನ್ನು ತಡೆಯುತ್ತದೆ. ಅದರ ಸಮೀಪದಲ್ಲಿದ್ದರೆ ತಡೆಯುವ ಬದಲು ಹಿಗ್ಗಿಸುತ್ತದೆ. ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ಬಾಡಿಗೆಯ ಅಂಬಾಸಿಡರುಗಳಿಗೂ ಜೀಪುಗಳಿಗೂ ಡೀಸೆಲ್ ಎಂಜಿನ್ ಕೂರಿಸಿದಾಗ, ಅದೇ ಹಳೆಯ ಪೆಟ್ರೋಲ್ ಮೌಂಟಿಂಗನ್ನು ಉಳಿಸಿಕೊಂಡ ಗಾಡಿಗಳಲ್ಲಿ ಕನ್ನಡಿ, ಬಾಗಿಲು, ಸವಾರರ ದವಡೆ ಎಲ್ಲವೂ ಒಟ್ಟಿಗೆ ಅಲುಗುತ್ತಿದ್ದುದು ಇದೇ ಕಾರಣಕ್ಕೆ. ಆರ್ಥಿಕವಾಗಿ ಆ ಬದಲಾವಣೆ ಮಾತ್ರ ಸರಿಯಾಗಿಯೇ ಇತ್ತು. ದಿನವಿಡೀ ಓಡುವ ಬಾಡಿಗೆ ಗಾಡಿಗೆ ಇಂಧನದ ಖರ್ಚೇ ಜೀವನಾಧಾರ.

ಇಂದು ಇಂಥ ಕೆಲಸಕ್ಕೆ ಕಾನೂನಿನ ಅಡ್ಡಿಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅನಿಲ, ಬ್ಯಾಟರಿ ಮುಂತಾದ ಬೇರೆ ಇಂಧನಕ್ಕೆ ಅನುಮೋದಿತ ಕಿಟ್ ಮೂಲಕ ಪರಿವರ್ತಿಸಲು ಅವಕಾಶವಿದೆ. 2021ರ ಜುಲೈನಲ್ಲಿ ಕೇಂದ್ರ ಸರಕಾರ ಹೊರಡಿಸಿದ ವಿಂಟೇಜ್ ವಾಹನಗಳ ನಿಯಮ, 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದ, ಚಾಸಿ, ದೇಹ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗದ ವಾಹನಗಳಿಗೆ ಮಾತ್ರ ಆ ಗೌರವ ಕೊಡುತ್ತದೆ. ನೋಂದಣಿ ಶುಲ್ಕ 20,000 ರೂಪಾಯಿ, ನವೀಕರಣಕ್ಕೆ 5,000. ಬಿಡಿಭಾಗಗಳ ಆಮದು ದುಸ್ತರವಾಗಿದ್ದ ಕಾಲದಲ್ಲಿ ಬೇರೆ ಎಂಜಿನ್ ಕೂರಿಸಿದ್ದರಿಂದಲೇ ಗುಜರಿಗೆ ಹೋಗದೆ ಬದುಕುಳಿದ ಕಾರುಗಳು, ಬದುಕಿಸಿದ ಆ ಉಪಾಯದ ಕಾರಣದಿಂದಲೇ ಈ ಪಟ್ಟಿಯಿಂದ ಹೊರಗುಳಿಯುವಂತಾಗಿದೆ. ನಿಯಮದ ಉದ್ದೇಶ ಒಳ್ಳೆಯದೇ, ಆದರೆ ಭಾರತದ ಹಳೆಯ ಕಾರುಗಳು ಹೇಗೆ ಉಳಿದವೆಂಬ ಇತಿಹಾಸ ಅದನ್ನು ಬರೆದವರ ಗಮನದಲ್ಲಿ ಇದ್ದಂತೆ ತೋರುವುದಿಲ್ಲ.

ಹಾಗಾಗಿ ಮನೆಯ ಹಿತ್ತಲಿನಲ್ಲೋ ಹಳೆಯ ಗೋದಾಮಿನಲ್ಲೋ ಇಂಥ ಕಾರನ್ನು ಇಟ್ಟುಕೊಂಡವರು, ಬೇರೆ ಎಂಜಿನ್ ಅನಿವಾರ್ಯವೆನಿಸಿದರೂ, ಚಾಸಿಯನ್ನು ಕತ್ತರಿಸದೆ, ಬೆಸುಗೆ ಹಾಕದೆ, ಬೋಲ್ಟಿನಿಂದ ಬಿಗಿದು ಬೋಲ್ಟು ಬಿಚ್ಚಿದರೆ ಮೊದಲಿನಂತಾಗುವ ಹಾಗೆಯೇ ಕೆಲಸ ಮಾಡಿಸಬೇಕು. ಇಳಿಸಿದ ಮೂಲ ಎಂಜಿನ್ ಎಷ್ಟೇ ಸವೆದಿದ್ದರೂ ಅದರ ಸಂಖ್ಯೆಯನ್ನು ಬರೆದಿಟ್ಟು, ಸಿಲಿಂಡರುಗಳಿಗೆ ಎಣ್ಣೆ ಹೊಯ್ದು, ತೂತುಗಳನ್ನು ಮುಚ್ಚಿ, ಒಣಜಾಗದಲ್ಲಿ ಇರಿಸಬೇಕು, ಕಿಲೋ ಲೆಕ್ಕದಲ್ಲಿ ಗುಜರಿಗೆ ಕೊಡಬಾರದು.